ಇಂಜಿನಿಯರ್ ಜೆರೋಮನ ಎರಡು ಚೀಟಿ

ಕೆಸರೆಯಲ್ಲಿ ಆಟೋ ಹತ್ತಿ “ಇಂಜಿನಿಯರ್ ಜೆರೋಮ್ ಮನೆ” ಎಂದರೆ ಸಾಕಿತ್ತು, ನೇರವಾಗಿ ನಮ್ಮ ಗೇಟಿನ ಮುಂದೆ ತಂದು ಇಳಿಸುತ್ತಿದ್ದರು. ಈಗಲೂ ಇಳಿಸುತ್ತಾರೆ. ಆದರೆ ಹೆಸರು ಬದಲಾಗಿದೆ, ‘ಇಂಜಿನಿಯರ್’ ಉದುರಿ ಬರೀ ‘ಜೆರೋಮ್ ಮನೆ’ ಆಗಿದೆ. ಅದು ಹೇಗೆ ಬದಲಾಯಿತು ಎನ್ನುವುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಲ್ಲಿ ಕೇಳಿದರೆ ಉಪ್ಪು ಖಾರ ಜಾಸ್ತಿ ಬಿದ್ದಿರುತ್ತದೆ.

ನಾನು ಇಂಜಿನಿಯರ್ ಅಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮಗೂ ಸಲೀಸು, ನನಗೂ ಸಲೀಸು. ಇಂಜಿನಿಯರ್ ಹಾಗಿರಲಿ, ಡಿಪ್ಲೊಮಾ ಕೂಡ ಮುಗಿಸಿದವನಲ್ಲ. ಎಂಬತ್ತರ ದಶಕದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾಗೆ ಸೇರಿದ್ದು ನಿಜ. ಎರಡನೇ ಗಣಿತ, ಅಂದರೆ ಎಂ-2 ಎಂಬ ವಿಷಯವನ್ನು ನಾಲ್ಕು ಸಲ ಬರೆದದ್ದೂ ನಿಜ. ನಾಲ್ಕು ಸಲವೂ ಅದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ವಾಪಸು ಕಳಿಸಿತು. ಐದನೇ ಸಲಕ್ಕೆ ಅರ್ಜಿ ಹಾಕುವ ಬದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದುಕೊಂಡು ಹೂಟಗಳ್ಳಿಯ ಒಂದು ಕಾರ್ಖಾನೆಗೆ ಹೋದೆ. ಹೆಲ್ಪರ್ ಆಗಿ ಒಳಗೆ ಹೋದವನು ಮೂವತ್ತೈದು ವರ್ಷದ ಮೇಲೆ ಟೂಲ್ ರೂಮಿನ ಸೂಪರ್‌ವೈಸರ್ ಆಗಿ, ಒಂದು ಶಾಲು ಮತ್ತು ಒಂದು ಗೋಡೆ ಗಡಿಯಾರದೊಂದಿಗೆ ಹೊರಗೆ ಬಂದೆ. ಆ ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಕಾರ್ಖಾನೆಯವರು ನನ್ನನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು.

ಇಂಜಿನಿಯರ್ ಪದವಿ ನನಗೆ ಸಿಕ್ಕಿದ್ದು ವಿಶ್ವವಿದ್ಯಾಲಯದಿಂದಲ್ಲ, ಚರ್ಚಿನಿಂದ. ಇಪ್ಪತ್ತು ವರ್ಷದ ಹಿಂದಿನ ಮಾತು. ಹಬ್ಬದ ಹಿಂದಿನ ದಿನ ನಮ್ಮ ಚರ್ಚಿನ ಗಂಟೆ ಬಾರಿಸುವ ಮೋಟಾರು ಕೆಟ್ಟು ಕೂತಿತು. ನಾನು ಸ್ಕ್ರೂಡ್ರೈವರ್ ಹಿಡಿದು ಗೋಪುರ ಹತ್ತಿದೆ. ನಾಲ್ಕು ಗಂಟೆ ಮೇಲೆಯೇ ಇದ್ದೆ. ಮೋಟಾರಿನೊಳಗೆ ಕಣಜ ಗೂಡು ಕಟ್ಟಿತ್ತು, ಅದನ್ನು ಕೆರೆದು ತೆಗೆದೆ. ಅದಕ್ಕೆ ಹಿಡಿದದ್ದು ಹದಿನೈದು ನಿಮಿಷ. ಮಿಕ್ಕ ಮೂರು ಮುಕ್ಕಾಲು ಗಂಟೆ ಇಳಿಯುವುದಕ್ಕೆ ಹೆದರಿಕೊಂಡು ಕೂತಿದ್ದೆ. ಮರುದಿನ ಆಗಿನ ಫಾದರ್ ಪೀಠದಿಂದಲೇ, “ನಮ್ಮ ಇಂಜಿನಿಯರ್ ಜೆರೋಮ್ ಅವರಿಗೆ ಧನ್ಯವಾದಗಳು” ಎಂದುಬಿಟ್ಟರು. ಜನ ಚಪ್ಪಾಳೆ ತಟ್ಟಿದರು. ಎದ್ದು ನಿಂತು ತಿದ್ದಬಹುದಿತ್ತು. ಪೂಜೆಯ ನಡುವೆ ಮಾತಾಡುವುದು ಮರ್ಯಾದೆಯಲ್ಲ ಎಂದು ಸುಮ್ಮನಿದ್ದೆ. ಪೂಜೆ ಮುಗಿದ ಮೇಲೆ ಕಾಫಿ ಬಂತು. ಕಾಫಿ ಕುಡಿಯುವಾಗ ಅಂಥ ವಿಷಯ ಎತ್ತುವುದು ಚೆನ್ನಾಗಿರುವುದಿಲ್ಲ. ಹೀಗೆ ಒಂದಲ್ಲ ಒಂದು ಅಡ್ಡಿ ಬಂದು ಇಪ್ಪತ್ತು ವರ್ಷ ಕಳೆಯಿತು. ಲಗ್ನಪತ್ರಿಕೆಗಳ ಮೇಲೂ ‘ಇಂ. ಜೆರೋಮ್ ಮತ್ತು ಕುಟುಂಬದವರಿಗೆ’ ಎಂದು ಬರತೊಡಗಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ ಎನ್ನುತ್ತಾರಲ್ಲ, ಆ ಭಟ್ಟನಿಗಾದರೂ ಹೆಸರನ್ನು ಹೆತ್ತವರು ಇಟ್ಟಿದ್ದರು. ನನ್ನದು ಕಣಜದ ಗೂಡಿನಿಂದ ಬಂದದ್ದು.

ನಿವೃತ್ತನಾದ ಮೇಲೆ ಮೂರು ತಿಂಗಳು ಮನೆಯಲ್ಲಿದ್ದೆ. ಒಂದು ದಿನ ನನ್ನ ಹೆಂಡತಿ ಲಿಡಿಯಾ ಕುಕ್ಕರಿನ ಮುಚ್ಚಳವನ್ನು ನನ್ನ ಕೈಯಿಂದ ಕಿತ್ತುಕೊಂಡು, “ಎಲ್ಲಾದ್ರೂ ಹೋಗಿ ಯಾರಿಗಾದ್ರೂ ಉಪಯೋಗಕ್ಕೆ ಬನ್ರಿ. ಈ ಮನೇಲಿ ಇನ್ನೇನೂ ರಿಪೇರಿ ಮಾಡ್ಬೇಡಿ” ಎಂದಳು. ನಮ್ಮ ಕೇಂದ್ರ ಹುಟ್ಟಿದ್ದು ಹೀಗೆ.

ಚರ್ಚಿನ ಹಿಂದೆ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಕೋಣೆಯಿದೆ. ಶನಿವಾರ ಸಂಜೆ ಅದು ಖಾಲಿ ಇರುತ್ತಿತ್ತು. ಫಾದರ್ ಅಲ್ವಿನ್ ಅವರನ್ನು ಕೇಳಿ ಅಲ್ಲಿ ಒಂದು ಬೋರ್ಡು ಹಾಕಿಸಿದೆ: ‘ಅಲ್ಪಸಂಖ್ಯಾತ ವಿಜ್ಞಾನ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಬೆಂಬಲ ಕೇಂದ್ರ. ಸಂಚಾಲಕರು: ಇಂ. ಜೆರೋಮ್.’ ಬೋರ್ಡು ಬಾಗಿಲಿಗಿಂತ ಒಂದು ಮೊಳ ಅಗಲವಾಯಿತು. ಬರೆಯುವವನು “ಇಂ. ಹಾಕ್ಲಾ ಸಾರ್?” ಎಂದು ಕೇಳಿದಾಗ ನಾನು ಕೆಮ್ಮಿದೆ. ಅವನು ಅದನ್ನು ಹೂಂ ಎಂದುಕೊಂಡ. ಹೂಂ ಎಂದುಕೊಳ್ಳಲಿ ಎಂದೇ ನಾನು ಕೆಮ್ಮಿದ್ದು.

ಉದ್ದೇಶ ಮಾತ್ರ ಒಳ್ಳೆಯದೇ ಇತ್ತು. ನಮ್ಮ ಮಕ್ಕಳು ಬಿ.ಎಸ್‌ಸಿ.ಗೆ, ಬಿ.ಇ.ಗೆ ಸೇರುವುದೇನೋ ಸೇರುತ್ತಾರೆ. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಒಂದೆರಡು ವಿಷಯ ಬಾಕಿ ಉಳಿಯುತ್ತದೆ. ಮನೆಯಲ್ಲಿ ಕೇಳೋಣ ಎಂದರೆ ಅಪ್ಪ ಅಮ್ಮ ಓದಿದವರಲ್ಲ, ಅಕ್ಕಪಕ್ಕದಲ್ಲಿ ಕೇಳೋಣ ಎಂದರೆ ಆ ಓದು ಓದಿದವರೇ ಇಲ್ಲ. ಬಾಯಿಬಿಟ್ಟು ಹೇಳದೆ ಒಂದು ದಿನ ಕಾಲೇಜು ಬಿಟ್ಟುಬಿಡುತ್ತಾರೆ. ಅಂಥವರಿಗೆ ಒಂದು ಬೆಂಚು, ಒಂದು ಕರಿಹಲಗೆ, ಹೇಳಿಕೊಡುವವರೊಬ್ಬರು ಇರಲಿ ಎಂಬ ಆಸೆ ನನ್ನದು. ಹದಿನಾರು ಜನ ಬಂದರು. ಹನ್ನೆರಡು ಜನ ನಮ್ಮ ಚರ್ಚಿನವರು, ನಾಲ್ವರು ಪಕ್ಕದ ರಸ್ತೆಯ ಮುಸಲ್ಮಾನರ ಮನೆಯ ಮಕ್ಕಳು. ಬೆಂಚುಗಳು ಎಂಟು ವರ್ಷದ ಮಕ್ಕಳ ಅಳತೆಯವು. ನಾಳಿನ ಇಂಜಿನಿಯರುಗಳು ಮಂಡಿಯನ್ನು ಕಿವಿಯ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದರು.

ಹೇಳಿಕೊಡುತ್ತಿದ್ದವನು ನಾನಲ್ಲ, ನಿರಂಜನ್. ನನ್ನ ಕಾರ್ಖಾನೆಯ ಗೆಳೆಯರೊಬ್ಬರ ಮಗ, ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದ. ಪ್ರತಿ ಶನಿವಾರ ಶ್ರೀರಾಂಪುರದಿಂದ ಇಡೀ ಊರು ದಾಟಿಕೊಂಡು ಬೈಕಿನಲ್ಲಿ ಬರುತ್ತಿದ್ದ. ಅಲ್ಪಸಂಖ್ಯಾತರ ಕೇಂದ್ರದಲ್ಲಿ ಹಿಂದೂ ಎಂದರೆ ಅವನೊಬ್ಬನೇ ಆದ್ದರಿಂದ ಅಲ್ಲಿ ನಿಜವಾದ ಅಲ್ಪಸಂಖ್ಯಾತ ಅವನೇ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರು.

ಹಾಗಾದರೆ ಸಂಚಾಲಕರ ಕೆಲಸವೇನು? ಎರಡು. ಒಂದು, ಹಾಜರಿ ತೆಗೆಯುವುದು. ರಟ್ಟಿನ ಹೊದಿಕೆಯ ಉದ್ದನೆಯ ಪುಸ್ತಕ ಕೊಂಡು ಕೆಂಪು ಶಾಯಿಯಲ್ಲಿ ಗೆರೆ ಹಾಕಿ, ಒಂದರಿಂದ ಹದಿನಾರರವರೆಗೆ ಹೆಸರು ಬರೆದು, ನಿಂತುಕೊಂಡು ಕೂಗುತ್ತಿದ್ದೆ. ಎದ್ದು ನಿಂತು ‘ಪ್ರೆಸೆಂಟ್ ಸರ್’ ಎನ್ನದಿದ್ದರೆ ಗೈರು. ಎರಡನೆಯದು ಹಿತವಚನ. ಎರಡು ಗಂಟೆಯ ತರಗತಿಯಲ್ಲಿ ಮೊದಲ ನಲವತ್ತು ನಿಮಿಷ ನನ್ನದೇ. ವಿಷಯ ಪ್ರತಿ ವಾರವೂ ಒಂದೇ: ಸೋಲಿಗೆ ಹೆದರಬಾರದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ನಿರಂಜನ್ ಒಂದು ದಿನ ಮೆಲ್ಲಗೆ, “ಅಂಕಲ್, ಪೋರ್ಷನ್ ಮುಗ್ಸಕ್ಕೆ ಟೈಮ್ ಸಾಲ್ತಿಲ್ಲ” ಎಂದ. “ಮೊದ್ಲು ಆತ್ಮವಿಶ್ವಾಸ ಬರ್ಬೇಕು ಕಣಪ್ಪ, ಪೋರ್ಷನ್ ಎಲ್ಲೋಗುತ್ತೆ” ಎಂದೆ. ಪೋರ್ಷನ್ ಎಲ್ಲಿಗೂ ಹೋಗಲಿಲ್ಲ. ಮುಗಿಯದೆ ಅಲ್ಲೇ ಕೂತಿತ್ತು.

ಹಾಜರಿ ಪುಸ್ತಕದಲ್ಲಿ ಏಳನೇ ಹೆಸರು ಜಾನ್ಸಿ. ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗಿನಲ್ಲಿ ಎರಡನೇ ವರ್ಷ. ಅವಳ ಅಪ್ಪ ಇನ್ನಾಸಿಮುತ್ತು ಗೂಡ್ಸ್ ಆಟೋ ಓಡಿಸುತ್ತಾರೆ. ಅಮ್ಮ ಸೂಸಮ್ಮ ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಡಿಗೆ ಮಾಡುತ್ತಾರೆ. ಅವರ ಬೀದಿಯಲ್ಲಿ ಇಂಜಿನಿಯರಿಂಗ್ ಸೇರಿದ ಮೊದಲ ಹುಡುಗಿ ಅವಳು. ಸೂಸಮ್ಮ ಹಾಸ್ಟೆಲಿನಲ್ಲಿ ಇಡ್ಲಿ ಬಡಿಸುವಾಗಲೂ “ನನ್ ಮಗಳೂ ನಿಮ್ಮಂಗೇ ಇಂಜಿನಿಯರಿಂಗು ಕಣಮ್ಮ” ಎಂದು ಹೇಳಿಯೇ ಬಡಿಸುತ್ತಿದ್ದರಂತೆ.

ಒಂದು ಶನಿವಾರ ಪಾಠ ಮುಗಿದ ಮೇಲೆ ಜಾನ್ಸಿ ಹಿಂದೆ ಉಳಿದಳು. ಎರಡು ವಿಷಯ ಬಾಕಿಯಿದೆ ಎಂದಳು. ಗಣಿತದ ಎಂ-3, ಮತ್ತೆ ಸಿಗ್ನಲ್ಸ್. ಅಂಕಪಟ್ಟಿಗಳನ್ನೂ ತೆಗೆದು ತೋರಿಸಿದಳು. ಪೂರಕ ಪರೀಕ್ಷೆಗೆ ಅರ್ಜಿ ಹಾಕಲು ಮುಂದಿನ ಬುಧವಾರವಲ್ಲ, ಅದರಾಚೆಯ ಬುಧವಾರ ಕೊನೆಯ ದಿನ. ಎರಡನ್ನೂ ಮುಗಿಸದಿದ್ದರೆ ಅವಳ ಕಾಲೇಜಿನಲ್ಲಿ ಮೂರನೇ ವರ್ಷಕ್ಕೆ ಬಿಡುವುದಿಲ್ಲ. “ಮನೇಲಿ ಗೊತ್ತಿಲ್ಲ ಸರ್. ಪಾಸಾದ್ಮೇಲೆ ಹೇಳ್ತೀನಿ. ನೀವು ಯಾರ್ಗೂ ಹೇಳ್ಬೇಡಿ” ಎಂದಳು.

ನಾನು ಯಾರಿಗೂ ಹೇಳಲಿಲ್ಲ. ಎದೆ ಮುಟ್ಟಿಕೊಂಡು ಹೇಳುತ್ತೇನೆ, ಒಬ್ಬ ಮನುಷ್ಯನಿಗೂ ಹೇಳಲಿಲ್ಲ. ದೇವರಿಗೆ ಹೇಳಿದೆ.

ನಮ್ಮ ಚರ್ಚಿನಲ್ಲಿ ಒಂದು ಪದ್ಧತಿ. ಯಾರಿಗಾದರೂ ಹುಷಾರಿಲ್ಲ, ತೀರಿಕೊಂಡ ಯಾರದಾದರೂ ವರ್ಷದ ನೆನಪು, ಮಗಳಿಗೆ ಗಂಡು ಗೊತ್ತಾಗಬೇಕು, ಏನೇ ಇದ್ದರೂ ಚೀಟಿಯಲ್ಲಿ ಬರೆದು ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕುತ್ತೇವೆ. ಭಾನುವಾರದ ಪೂಜೆಯಲ್ಲಿ ಫಾದರ್ ಆ ಕೋರಿಕೆಗಳನ್ನು ಒಂದೊಂದಾಗಿ ಓದುತ್ತಾರೆ. ಒಂದೊಂದಕ್ಕೂ ಜನರೆಲ್ಲ ಸೇರಿ ‘ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ’ ಎನ್ನುತ್ತಾರೆ. ಸಾಮಾನ್ಯವಾಗಿ ಜನ ‘ಒಂದು ವಿಶೇಷ ಕೋರಿಕೆಗಾಗಿ’ ಎಂದಷ್ಟೇ ಬರೆದು ಬಿಡುತ್ತಾರೆ. ದೇವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ.

ನನಗೆ ಆ ನಂಬಿಕೆ ಸಾಲಲಿಲ್ಲ. ಮೂವತ್ತೈದು ವರ್ಷ ಟೂಲ್ ರೂಮಿನಲ್ಲಿ ಜಾಬ್ ಕಾರ್ಡು ಬರೆದ ಕೈ ಇದು. ಯಾವ ಮೆಷಿನ್ನು, ಯಾವ ಭಾಗ, ಎಷ್ಟನೇ ಸಲ ಕೆಟ್ಟದ್ದು, ದೋಷ ಎಷ್ಟು ಎಲ್ಲ ನಮೂದಾಗಬೇಕು, ಇಲ್ಲದಿದ್ದರೆ ಕೆಲಸ ತಪ್ಪಾಗುತ್ತದೆ. ಬರೀ ‘ಜಾನ್ಸಿಯ ಓದಿಗಾಗಿ’ ಎಂದು ಬರೆದು, ದೇವರು ಅವಳು ಆಗಲೇ ಪಾಸಾಗಿರುವ ವಿಷಯವನ್ನೇ ಇನ್ನೊಂದು ಸಲ ಪಾಸು ಮಾಡಿಸಿಬಿಟ್ಟರೆ? ಹಾಗಾಗಿ ಸ್ಪಷ್ಟವಾಗಿ ಬರೆದೆ. ಅಕ್ಷರ ಗುಂಡಗೆ ಬಂದಿದೆ ಎಂದು ನಾನೇ ಮೆಚ್ಚಿಕೊಂಡು ಮಡಿಸಿ ಹಾಕಿದೆ. ಅದನ್ನು ಓದುವುದು ದೇವರಲ್ಲ, ಮೈಕಿನ ಮುಂದೆ ನಿಂತ ಫಾದರ್ ಎಂಬುದು ನನ್ನ ಬುರುಡೆಗೆ ಹೊಳೆಯಲೇ ಇಲ್ಲ. ಅರವತ್ತು ವರ್ಷ ಪ್ರತಿ ಭಾನುವಾರ ಆ ಚೀಟಿಗಳನ್ನು ಓದುವುದನ್ನು ಕೇಳಿದವನು ನಾನು.

ಫಾದರ್ ಅಲ್ವಿನ್ ಅವರನ್ನು ದೂರುವಂತಿಲ್ಲ. ಹೋದ ವರ್ಷ ಯಾರದೋ ತಾತನ ಹೆಸರನ್ನು ಅರ್ಧಕ್ಕೆ ಬಿಟ್ಟು ಓದಿದ್ದಕ್ಕೆ ಆ ಮನೆಯವರು ಮೂರು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದರು. ಅಂದಿನಿಂದ ಬರೆದದ್ದನ್ನು ಬರೆದ ಹಾಗೇ ಓದುವುದು ಅವರ ನಿಯಮ. ಆ ಭಾನುವಾರ ಒಂದು ವರ್ಷದ ನೆನಪಿನ ಕೋರಿಕೆ ಓದಿದರು, ಒಬ್ಬರ ಮಂಡಿ ಆಪರೇಷನ್ನಿನದು ಓದಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಓದಿದರು:

“ಇಲೆಕ್ಟ್ರಾನಿಕ್ಸ್ ವಿಭಾಗ, ಎರಡನೇ ವರ್ಷದ ಜಾನ್ಸಿ, ತಂದೆ ಇನ್ನಾಸಿಮುತ್ತು, ಎಂ-3 ವಿಷಯದಲ್ಲಿ ಎರಡು ಸಲ ನಪಾಸು, ಇತ್ತೀಚಿನ ಅಂಕ ಹನ್ನೊಂದು, ಹಾಗೂ ಸಿಗ್ನಲ್ಸ್ ವಿಷಯದಲ್ಲಿ ಒಂದು ಸಲ ನಪಾಸು, ಅಂಕ ಹದಿನಾಲ್ಕು, ಇವೆರಡರಲ್ಲೂ ಉತ್ತೀರ್ಣಳಾಗಲೆಂದು. ಕೋರುವವರು ಇಂಜಿನಿಯರ್ ಜೆರೋಮ್.”

ಮುನ್ನೂರು ಜನ ಒಂದೇ ಗಂಟಲಲ್ಲಿ, “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ” ಎಂದರು.

ಜಾನ್ಸಿ ಹಾಡುವ ಗುಂಪಿನಲ್ಲಿದ್ದಳು. ಅದು ಎಲ್ಲರಿಗೂ ಕಾಣುವ ಹಾಗೆ ಪೀಠದ ಪಕ್ಕದಲ್ಲೇ ನಿಲ್ಲುವ ಗುಂಪು. ಹಾಡಿನ ಪುಸ್ತಕ ಮುಚ್ಚಿದಳು. ಹೆಂಗಸರ ಸಾಲಿನಲ್ಲಿ ಸೂಸಮ್ಮ ನಿಧಾನವಾಗಿ ಸೆರಗನ್ನು ತಲೆಯ ಮೇಲಿಂದ ಮುಂದಕ್ಕೆ ಎಳೆದುಕೊಂಡರು. ಅವರ ಪಕ್ಕದಲ್ಲಿದ್ದ ಲಿಡಿಯಾ ನನ್ನನ್ನು ತಿರುಗಿ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ನೋಟ ನಾನು ನೋಡಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನಂತೂ ಆಡಿಯೂ ಇರಲಿಲ್ಲ, ಬರೆದು ಸಹಿ ಹಾಕಿದ್ದೆ.

ಮುಂದಿನ ಶನಿವಾರ ಹಾಜರಿ ಕೂಗಿದೆ. ಏಳನೇ ಹೆಸರಿಗೆ ಯಾರೂ ಏಳಲಿಲ್ಲ. ಎರಡು ಸಲ ಕೂಗಿದೆ. ಮೂರನೇ ಸಲಕ್ಕೆ ನಿರಂಜನ್, “ಬಿಡಿ ಅಂಕಲ್” ಎಂದ. ಆವತ್ತು ಹಿತವಚನವನ್ನೂ ಬಿಟ್ಟೆ. ಪೋರ್ಷನ್ ಸ್ವಲ್ಪ ಮುಂದೆ ಹೋಯಿತು.

ಅಲ್ಲಿಂದ ನೇರವಾಗಿ ಇನ್ನಾಸಿಮುತ್ತು ಮನೆಗೆ ಹೋದೆ. ಬೈದಿದ್ದರೆ ಚೆನ್ನಾಗಿತ್ತು. “ಬನ್ನಿ ಸಾರ್, ಕೂತ್ಕೊಳ್ಳಿ” ಎಂದು ಸೂಸಮ್ಮ ಕುರ್ಚಿ ಒರೆಸಿಕೊಟ್ಟರು, ಟೀ ತಂದರು. ಇನ್ನಾಸಿಮುತ್ತು ಗೋಡೆಗೆ ಒರಗಿಕೊಂಡೇ ಹೇಳಿದರು. “ಆಯ್ತು ಬುಡಿ ಸಾರ್. ಓದಿದ್ದು ಸಾಕು. ಹೂಟಗಳ್ಳಿಲಿ ಪ್ಯಾಕಿಂಗ್ ಸೆಕ್ಷನ್ನಲ್ಲಿ ಹೆಣ್ಮಕ್ಕಳನ್ನ ತಗೋತಾವ್ರಂತೆ. ಗುರುವಾರ ಕರ್ಕೊಂಡೋಗ್ತೀನಿ. ಅವ್ಳೂ ಹೂಂ ಅಂದವ್ಳೆ.”

ಗುರುವಾರ. ಅರ್ಜಿ ಹಾಕುವ ಕೊನೆಯ ದಿನ ಬುಧವಾರ. “ಒಂದೇ ಒಂದು ಸಲ ಪರೀಕ್ಷೆ ಬರೀಲಿ” ಎಂದು ನಾನು ಗೋಗರೆಯುತ್ತಿದ್ದಾಗ ಒಳಕೋಣೆಯ ಪರದೆ ಸರಿಯಿತು. ಜಾನ್ಸಿ ಹೊರಗೆ ಬಂದಳು. ಅತ್ತು ಮುಗಿದ ಮುಖ.

“ಸರ್, ನಮ್ ಕ್ಲಾಸಲ್ಲಿ ಅರವತ್ತು ಜನದಲ್ಲಿ ನಮ್ಮೋಳು ಅಂತ ನಾನೊಬ್ಳೇ. ಡೌಟ್ ಕೇಳಕ್ಕೆ ಕೈ ಎತ್ತಿದ್ರೆ ಎಲ್ರೂ ತಿರುಗಿ ನೋಡ್ತಾರೆ. ಶನಿವಾರದ ರೂಮಲ್ಲಿ ಯಾರೂ ಅಂಗೆ ನೋಡ್ತಿರ್ಲಿಲ್ಲ, ಅದಕ್ಕೇ ಬರ್ತಿದ್ದೆ. ಈಗ ಇಡೀ ಕೆಸರೆನೇ ನೋಡುತ್ತೆ. ತರಕಾರಿ ಗಾಡಿಯವ್ರೂ ಕೇಳಿದ್ರು, ಹನ್ನೊಂದಾ ಹದಿನಾಲ್ಕಾ ಅಂತ.”

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ. ನನ್ನ ಬಾಯಿ ತೆರೆದರೆ ಬರುವುದೇನು? “ನೋಡಮ್ಮ, ಸೋಲಿಗೆ ಹೆದರ್ಬಾರ್ದು...”

ಸೂಸಮ್ಮ ಮಾತು ಮುಗಿಸಲು ಬಿಡಲಿಲ್ಲ. “ನೀವು ದೊಡ್ಡೋರು ಸಾರ್, ಇಂಜಿನಿಯರ್ರು. ಫೇಲಾಗೋದು ಎಂಗಿರುತ್ತೆ ಅಂತ ನಿಮ್ಗೇನ್ ಗೊತ್ತು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅದನ್ನೂ ಮಾಡಲಿಲ್ಲ. ಟೀ ಲೋಟ ಕೆಳಗಿಟ್ಟು, “ಬರ್ತೀನಮ್ಮ” ಎಂದು ಎದ್ದು ಬಂದೆ. ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಾಗಿತ್ತು. ಆ ಹುಡುಗಿಯ ಎರಡು ಬಾಕಿಯನ್ನು ಮುನ್ನೂರು ಜನರ ಮುಂದೆ ಅಂಕಸಮೇತ ಸಾರಿದ ನನಗೆ ನನ್ನ ಒಂದು ಬಾಕಿಯನ್ನು ಮೂರು ಜನರ ಮುಂದೆ ಹೇಳಲು ನಾಲಿಗೆ ಹೊರಳಲಿಲ್ಲ. ನನ್ನ ಬಗ್ಗೆ ನನಗೆ ನಗು ಬರುವುದು ಅಭ್ಯಾಸ. ಆವತ್ತು ಬರಲಿಲ್ಲ. ಅಸಹ್ಯವಾಯಿತು.

ಮನೆಯಲ್ಲಿ ಲಿಡಿಯಾ ಹುರುಳಿಕಾಯಿ ಬಿಡಿಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಹೇಳಿ, ಇನ್ನೊಂದು ವಿಷಯ ಹೇಳಬೇಕು ಎಂದು ತಡವರಿಸಿದೆ. ಅವಳು ತಲೆಯೆತ್ತದೆ, “ಎಂ-2 ವಿಷ್ಯನಾ?” ಎಂದಳು.

“ನಿನಗೆ ಹೇಗೆ ಗೊತ್ತು?”

“ಮದ್ವೆಯಾಗಿ ಮೂರ್ ತಿಂಗ್ಳಿಗೇ ಗೊತ್ತಾಯ್ತು. ಟ್ರಂಕಲ್ಲಿ ನಿಮ್ ಮದ್ವೆ ಸೂಟಿನ ಕೆಳಗೆ ನಾಲ್ಕು ಮಾರ್ಕ್ಸ್ ಕಾರ್ಡ್ ಮಡ್ಚಿಟ್ಟಿದ್ರಲ್ಲ.”

“ಇಷ್ಟು ವರ್ಷ ಯಾಕೆ ಕೇಳಲಿಲ್ಲ?”

“ನೀವಾಗೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ ಕಣ್ರೀ” ಎಂದಳು. ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಲಿಲ್ಲ. “ಇಂಜಿನಿಯರ್ ಹೆಂಡ್ತಿ ಅಂತ ಕರೆದಾಗೆಲ್ಲ ನಂಗೂ ಖುಷಿ ಆಗ್ತಿತ್ತು ಅನ್ನಿ. ಆದ್ರೆ ಇವತ್ತು ಆ ಮನೇಲಿ ಹೇಳ್ಬುಡ್ಬೇಕಿತ್ತು.”

ಟ್ರಂಕು ತೆಗೆದೆ. ನಾಲ್ಕೂ ಇದ್ದವು. ಅಂಚು ಹಳದಿಯಾಗಿತ್ತು, ಅಂಕಗಳು ಮಾತ್ರ ಮಾಸಿರಲಿಲ್ಲ. ಪೆನ್ನು ತೆಗೆದುಕೊಂಡು ಇನ್ನೊಂದು ಚೀಟಿ ಬರೆದೆ. ಹಳೆಯ ಜಾಬ್ ಕಾರ್ಡಿನ ಪದ್ಧತಿಯೇ, ಒಂದು ವಿವರವನ್ನೂ ಬಿಡಲಿಲ್ಲ. ಅದನ್ನು ಪೆಟ್ಟಿಗೆಗೆ ಹಾಕದೆ ಫಾದರ್ ಅಲ್ವಿನ್ ಅವರ ಕೈಗೇ ಕೊಟ್ಟೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಇದಕ್ಕೆ ಪಾಪನಿವೇದನೆ ಇದೆಯಲ್ಲ ಜೆರೋಮ್?”

“ಅಲ್ಲಿ ನೀವೊಬ್ರೇ ಕೇಳೋದು ಫಾದರ್” ಎಂದೆ. “ಒಂದಕ್ಷರ ಬಿಡದಂಗೆ ಓದ್ಬೇಕು.”

ಮರುದಿನ ಪೂಜೆಗೆ ಹೋದೆ. ಹಾಡುವ ಗುಂಪಿನಲ್ಲಿ ಜಾನ್ಸಿ ಇರಲಿಲ್ಲ. ಹಿಂದಿನ ಬಾಗಿಲ ಹತ್ತಿರ ಅಪ್ಪ ಅಮ್ಮನ ನಡುವೆ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಕೋರಿಕೆಗಳು ಶುರುವಾದವು. ನನ್ನದು ಕೊನೆಯದು.

“ಮೆಕ್ಯಾನಿಕಲ್ ಡಿಪ್ಲೊಮಾ ವಿಭಾಗದ ಜೆರೋಮ್, ಎಂ-2 ವಿಷಯದಲ್ಲಿ ಮೊದಲನೇ ಸಲ ಒಂಬತ್ತು, ಎರಡನೇ ಸಲ ಹದಿಮೂರು, ಮೂರನೇ ಸಲ ಏಳು, ನಾಲ್ಕನೇ ಸಲ ಹನ್ನೊಂದು ಅಂಕ ಪಡೆದು, ಐದನೇ ಸಲ ಬರೆಯಲು ಹೆದರಿ ಓಡಿಹೋದದ್ದಕ್ಕಾಗಿ, ಇಪ್ಪತ್ತು ವರ್ಷದಿಂದ ಇಂಜಿನಿಯರ್ ಎಂದು ಕರೆಸಿಕೊಂಡು ಸುಮ್ಮನಿದ್ದುದಕ್ಕಾಗಿ, ಹಾಗೂ ತನಗಿಂತ ಧೈರ್ಯವಂತೆಯಾದ ಒಬ್ಬ ವಿದ್ಯಾರ್ಥಿನಿಯ ಮನಸ್ಸು ನೋಯಿಸಿದ್ದಕ್ಕಾಗಿ ಕ್ಷಮೆ ಬೇಡಿ. ಕೋರುವವರು ಜೆರೋಮ್, ಇಂಜಿನಿಯರ್ ಅಲ್ಲ.”

ಯಾರೂ ‘ಪ್ರಭುವೇ’ ಎನ್ನಲಿಲ್ಲ. ಆಮೇಲೆ ಹಿಂದಿನಿಂದ ಒಂದು ನಗು ಬಂತು. ಇನ್ನಾಸಿಮುತ್ತು. ತಡೆಯಲು ಹೋಗಿ ತಡೆಯಲಾರದೆ ಮೂಗಿನಿಂದ ಹೊರಟ ನಗು. ಅದು ಸಾಲಿನಿಂದ ಸಾಲಿಗೆ ಹಬ್ಬಿ, ಫಾದರ್ ಅಲ್ವಿನ್ ಕೂಡ ಪುಸ್ತಕ ಮುಖಕ್ಕೆ ಅಡ್ಡ ಹಿಡಿದರು. ಆ ನಗುವಿನಲ್ಲೇ ಜನ, “ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸಿ” ಎಂದರು. ಲಿಡಿಯಾ ಎಲ್ಲರಿಗಿಂತ ಗಟ್ಟಿಯಾಗಿ ಎಂದಳು.

ನಾನು ದೊಡ್ಡ ತ್ಯಾಗ ಮಾಡಿದವನ ಹಾಗೆ ಮೆಟ್ಟಿಲ ಬಳಿ ನಿಂತೆ. ಜಾನ್ಸಿ ಓಡಿಬಂದು ‘ಸರ್, ಅರ್ಜಿ ಹಾಕುತ್ತೇನೆ’ ಎನ್ನುತ್ತಾಳೆ, ನಾನು ತಲೆಯ ಮೇಲೆ ಕೈಯಿಡುತ್ತೇನೆ, ಇಷ್ಟನ್ನೂ ರಾತ್ರಿಯೇ ಯೋಚಿಸಿಟ್ಟಿದ್ದೆ. ಅವಳು ನನ್ನನ್ನು ನೋಡದೆ ಅಮ್ಮನ ಜೊತೆ ಹೊರಟುಹೋದಳು. ಬಂದವರು ತರಕಾರಿ ಗಾಡಿಯವರು. “ಏನ್ ಸಾರ್, ಮೂರ್ನೇ ಸಲ ಏಳಕ್ಕೆ ಇಳಿದುಬುಟ್ರಲ್ಲಾ?” ಎಂದು ಕೇಳಿದರು.

ಸೋಮವಾರ ಹೋಯಿತು. ಮಂಗಳವಾರ ಹೋಯಿತು. ಮಂಗಳವಾರ ಸಂಜೆ ಟರ್ಪೆಂಟೈನ್ ಬಟ್ಟೆ ತೆಗೆದುಕೊಂಡು ಹೋಗಿ ಬೋರ್ಡಿನ ಮೇಲಿನ ‘ಇಂ.’ ಉಜ್ಜಿದೆ. ಅಕ್ಷರ ಹೋಯಿತು, ಕಲೆ ಉಳಿಯಿತು. ಬುಧವಾರ ಮನೆಯಲ್ಲಿ ಕೂರಲಾಗದೆ ಮಧ್ಯಾಹ್ನದಿಂದಲೇ ಆ ಕೋಣೆಯಲ್ಲಿ ಹೋಗಿ ಕೂತೆ. ಅರ್ಜಿ ಹಾಕುವ ಸಮಯ ಐದು ಗಂಟೆಗೆ ಮುಗಿಯುತ್ತದೆ. ನನ್ನ ಕೈಗಡಿಯಾರದಲ್ಲಿ ಐದಾಯಿತು. ಐದೂ ಕಾಲಾಯಿತು. ಒಂದು ಹುಡುಗಿಯ ಓದು ನನ್ನ ಗುಂಡಗಿನ ಅಕ್ಷರದಿಂದ ಮುಗಿದುಹೋಯಿತು ಎಂದು ತಿಳಿದು ಮಕ್ಕಳ ಬೆಂಚಿನಲ್ಲಿ ಮಂಡಿಯ ನಡುವೆ ತಲೆಯಿಟ್ಟು ಕೂತಿದ್ದೆ.

“ಯಾವ ಲೆಕ್ಕ ಸರ್, ನಾಲ್ಕು ಸಲ ಹೋಗಿದ್ದು?”

ಬಾಗಿಲಲ್ಲಿ ಜಾನ್ಸಿ. ಹೆಗಲಲ್ಲಿ ಕಾಲೇಜಿನ ಬ್ಯಾಗು.

“ಅರ್ಜಿ?” ಎಂದೆ.

“ಮೂರು ಗಂಟೆಗೇ ಹಾಕ್ದೆ. ಅಮ್ಮನೇ ಕಾಲೇಜ್ ತನಕ ಬಂದಿದ್ರು. ಅಪ್ಪ ನಾಲ್ಕು ಸಲ ಹೇಳಿದ್ರು, ‘ನಿಂದು ಎರಡೇ ಸಲ ಕಣಮ್ಮ, ಅವ್ರದು ನಾಲ್ಕು’ ಅಂತ.” ನಗು ತಡೆದುಕೊಂಡು ಕರಿಹಲಗೆಯ ಹತ್ತಿರ ಹೋದಳು. “ಲೆಕ್ಕ ಹೇಳಿ ಸರ್.”

ನಾನು ಮರೆತಿರಲಿಲ್ಲ. ನಾಲ್ಕು ಪತ್ರಿಕೆಯಲ್ಲೂ ಸಂಖ್ಯೆ ಬದಲಾಗಿ ಬಂದದ್ದು ಅದೇ ಲೆಕ್ಕ, ಇಂಟಿಗ್ರೇಶನ್. ಎರಡು ಪದಗಳು ಗುಣಿಸಿಕೊಂಡಿರುತ್ತವೆ, ಅವುಗಳಲ್ಲಿ ಒಂದನ್ನು ಮೊದಲು ಹಿಡಿಯಬೇಕು. ಎದ್ದು ಹೋಗಿ ಹಲಗೆಯ ಮೇಲೆ ಬರೆದೆ. ಮಾಡಿ ಎಂದಳು. ಮಾಡಿದೆ. ಮೊದಲ ಸಾಲು, ಎರಡನೇ ಸಾಲು, ಮೂರನೆಯದು. ಇಪ್ಪತ್ತರ ವಯಸ್ಸಿನಲ್ಲಿ ಆದ ಹಾಗೇ ಲೆಕ್ಕ ಕಿರಿದಾಗುವ ಬದಲು ಉದ್ದವಾಗುತ್ತ ಹಲಗೆಯ ಅಂಚಿಗೆ ಬಂತು. ಸೀಮೆಸುಣ್ಣ ನನ್ನ ಕೈಯಲ್ಲಿ ಮುರಿಯಿತು.

“ನೀವು ಮೊದ್ಲು ಹಿಡೀಬೇಕಾದ್ದನ್ನ ಹಿಡ್ದಿಲ್ಲ ಸರ್. ಅಷ್ಟೇ” ಎಂದಳು. ಅಳಿಸಿ ಮತ್ತೆ ಬರೆದಳು. ಆರು ಸಾಲು. ಆರನೇ ಸಾಲಿನ ಕೆಳಗೆ ಎರಡು ಗೆರೆ ಎಳೆದಳು.

ನಲವತ್ತು ವರ್ಷ ನಾನು ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡಿದ್ದು ಆರು ಸಾಲು. ಯಾರನ್ನಾದರೂ ಒಬ್ಬರನ್ನು ಕೇಳಿದ್ದರೆ ಅರ್ಧ ಗಂಟೆಯ ಕೆಲಸ. ಆಗಲೂ ನಮ್ಮ ತರಗತಿಯಲ್ಲಿ ನಮ್ಮವನು ನಾನೊಬ್ಬನೇ ಇದ್ದೆ, ಕೈ ಎತ್ತಲು ನಾಚಿಕೆ. ನನಗೆ ಅಳು ಬಂತು. ಸುಣ್ಣದ ಪುಡಿ ಕಣ್ಣಿಗೆ ಬಿತ್ತು ಎಂದೆ. ಜಾನ್ಸಿ ನಂಬಿದ ಹಾಗೆ ಕಿಟಕಿಯ ಕಡೆ ತಿರುಗಿಕೊಂಡಳು.

ಆ ಶನಿವಾರ ನಾನು ಹಾಜರಿ ಪುಸ್ತಕ ತೆಗೆಯಲು ಹೋದರೆ ಅದು ಮೇಜಿನ ಮೇಲೆ ಇರಲಿಲ್ಲ, ಜಾನ್ಸಿಯ ಕೈಯಲ್ಲಿತ್ತು. “ಕೂತ್ಕೊಳ್ಳಿ ಸರ್, ಇವತ್ತು ಭಾಷಣ ಇಲ್ಲ. ನಿರಂಜನ್ ಸರ್‌ಗೆ ಪೂರ್ತಿ ಎರಡು ಗಂಟೆ” ಎಂದಳು. ನಿರಂಜನ್ ನನ್ನ ಕಡೆ ನೋಡಲಿಲ್ಲ. ಸಂತೋಷವನ್ನು ಮುಚ್ಚಿಕೊಳ್ಳುವುದು ಆ ಹುಡುಗನಿಗೆ ಬರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಂಡು ಮಂಡಿ ಮಡಿಸಿ ಕೂತೆ. ಅವಳು ಒಂದರಿಂದ ಕೂಗುತ್ತ ಬಂದಳು. ಏಳಕ್ಕೆ ತನ್ನ ಹೆಸರನ್ನು ತಾನೇ ಕೂಗಿ, “ಪ್ರೆಸೆಂಟ್” ಎಂದು ತಾನೇ ಹೇಳಿಕೊಂಡಳು. ಹದಿನಾರು ಮುಗಿಯಿತು. ಪುಸ್ತಕ ಮುಚ್ಚುತ್ತಾಳೆ ಎಂದುಕೊಂಡೆ. ಮುಚ್ಚಲಿಲ್ಲ. ಅಲ್ಲಿ ಕೆಂಪು ಗೆರೆಯ ಕೆಳಗೆ ಇನ್ನೊಂದು ಹೆಸರು ಬರೆದುಕೊಂಡಿದ್ದಳು.

“ಹದಿನೇಳು. ಜೆರೋಮ್. ಎಂ-2 ಬಾಕಿ.”

ಇಡೀ ಕೋಣೆ ತಿರುಗಿ ನೋಡಿತು. ನಾನು ಬೆಂಚಿನಿಂದ ಮಂಡಿ ಬಿಡಿಸಿಕೊಂಡು ಎದ್ದು ನಿಂತೆ.

“ಪ್ರೆಸೆಂಟ್, ಮೇಡಂ.”